ಬಾಟಲಿ ಮೇಲೆ ಊರಿನ ಹೆಸರು ಬರೆಯೋರು ಯಾರು? ಜರ್ಮನಿಯ ದ್ರಾಕ್ಷಿ, ಶಿವಮೊಗ್ಗದ ಅಡಿಕೆ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆ ಒಂದು ಪದ ಮತ್ತೆ ಮತ್ತೆ ಕಾಣುತ್ತೆ: ‘ವೈನ್ಸ್’. ಒಳಗೆ ಹೋದರೆ ಸಿಗೋದು ವಿಸ್ಕಿ, ರಮ್, ಬ್ರಾಂಡಿ, ಬಿಯರು. ವೈನ್ ಅಂತ ಇದ್ದರೆ ಮೂಲೆಯ ಕಪಾಟಿನಲ್ಲಿ ಧೂಳು ಹಿಡಿದ ನಾಲ್ಕು ಬಾಟಲಿ. ಬೋರ್ಡಿನಲ್ಲಿ ಒಂದು, ಒಳಗೆ ಇನ್ನೊಂದು. ನಮಗದು ಅಭ್ಯಾಸ ಆಗಿಹೋಗಿದೆ, ಯಾರೂ ಪ್ರಶ್ನೆ ಮಾಡಲ್ಲ.

ಆದರೆ ಹೆಸರು ಒಂದು, ಮಾಲು ಇನ್ನೊಂದು ಆದಾಗ ನಷ್ಟ ಯಾರಿಗೆ? ಈ ಪ್ರಶ್ನೆಗೆ ಒಂದು ದೇಶ ಐವತ್ತು ವರ್ಷ ಉತ್ತರ ಹುಡುಕಿದೆ. ಅದು ಜರ್ಮನಿ. ಅಲ್ಲಿನ ಕಥೆ ಓದುತ್ತಾ ಹೋದಂತೆ ನನಗೆ ನೆನಪಾಗಿದ್ದು ವೈನ್ ಅಲ್ಲ, ನಮ್ಮ ಅಡಿಕೆ ಮಂಡಿ.

13 ಸೀಮೆ, ಒಂದೊಂದಕ್ಕೆ ಒಂದು ತಳಿ

ಜರ್ಮನಿಯಲ್ಲಿ ಸುಮಾರು ಒಂದು ಲಕ್ಷ ಹೆಕ್ಟೇರಿನಲ್ಲಿ ವೈನ್ ದ್ರಾಕ್ಷಿ ಬೆಳೆಯುತ್ತಾರೆ. ಕಾನೂನಿನ ಪ್ರಕಾರ ಅದು 13 ಸೀಮೆಗಳಾಗಿ ಹಂಚಿಹೋಗಿದೆ. ಮೋಜೆಲ್ ನದಿಯ ಕಡಿದಾದ ದಂಡೆಯಲ್ಲಿ ಕಪ್ಪು ಪದರುಗಲ್ಲಿನ ನೆಲ. ಹಗಲು ಕಾದ ಕಲ್ಲು ರಾತ್ರಿ ಬಳ್ಳಿಗೆ ಬಿಸಿ ಕೊಡುತ್ತೆ, ಹಾಗಾಗಿ ಆ ಚಳಿಯಲ್ಲೂ ತಡವಾಗಿ ಮಾಗುವ ರೀಸ್ಲಿಂಗ್ ತಳಿ ಹಣ್ಣಾಗುತ್ತೆ. ಫ್ರಾಂಕನ್ ಸೀಮೆಗೆ ಹೆಸರು ತಂದಿದ್ದು ಸಿಲ್ವಾನರ್, ಅದನ್ನು ತುಂಬೋದು ಚಪ್ಪಟೆ ಹೊಟ್ಟೆಯ ಬಾಟಲಿಯಲ್ಲಿ. ದಕ್ಷಿಣದ ಬಾಡೆನ್‌ನಲ್ಲಿ ಬಿಸಿಲು ಜಾಸ್ತಿ, ಅಲ್ಲಿ ಕೆಂಪು ವೈನಿನ ಶ್ಪೇಟ್‌ಬುರ್ಗುಂಡರ್; ಪ್ರಪಂಚ ಪಿನೋ ನುವಾ ಅನ್ನೋದು ಇದನ್ನೇ. ಎಲ್ಲಕ್ಕಿಂತ ದೊಡ್ಡ ಸೀಮೆ ರೈನ್‌ಹೆಸನ್.

ಅಂದರೆ ತಳಿ, ನೆಲ, ಊರು ಮೂರೂ ಒಟ್ಟಿಗೆ ಸೇರಿದಾಗ ರುಚಿ. ಇದು ನಮಗೇನು ಹೊಸದಲ್ಲ. ಅಪ್ಪೆಮಿಡಿ ಕೊಳ್ಳುವಾಗ ‘ಯಾವ ಹೊಳೆ ದಂಡೆದು?’ ಅಂತ ಕೇಳುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1971ರ ಎಡವಟ್ಟು

1971ರಲ್ಲಿ ಜರ್ಮನಿ ಹೊಸ ವೈನ್ ಕಾನೂನು ತಂತು. ಉದ್ದೇಶ ಗೊಂದಲ ಕಡಿಮೆ ಮಾಡೋದು. ಸುಮಾರು 30,000 ಇದ್ದ ತೋಟದ ಹೆಸರುಗಳನ್ನು ಸುಮಾರು 2,600ಕ್ಕೆ ಇಳಿಸಿದರು. ಜೊತೆಗೆ ಗುಣಮಟ್ಟದ ದರ್ಜೆ ನಿಂತಿದ್ದು ಮುಖ್ಯವಾಗಿ ಒಂದೇ ಅಳತೆಯ ಮೇಲೆ: ಕೊಯ್ಲಿನ ಹೊತ್ತಿಗೆ ಹಣ್ಣಿನ ರಸದಲ್ಲಿ ಸಕ್ಕರೆ ಎಷ್ಟಿದೆ? ಬೆಟ್ಟದ್ದಾ, ಬಯಲಿನದ್ದಾ ಅನ್ನೋದು ದರ್ಜೆಯ ಲೆಕ್ಕಕ್ಕೆ ಬರಲಿಲ್ಲ.

ಆಮೇಲೆ ಆಗಿದ್ದು ಇದು. ಮೋಜೆಲ್ ದಂಡೆಯಲ್ಲಿ ಪೀಸ್‌ಪೋರ್ಟ್ ಅಂತ ಒಂದು ಹಳ್ಳಿ. ಅಲ್ಲಿನ ‘ಗೋಲ್ಡ್‌ಟ್ರೋಪ್ಫೆನ್’ ಇಳಿಜಾರಿನ ಪ್ರಸಿದ್ಧ ತೋಟ. ಕಾನೂನು ಅದರ ಪಕ್ಕದಲ್ಲೇ ‘ಪೀಸ್‌ಪೋರ್ಟರ್ ಮಿಶೆಲ್ಸ್‌ಬರ್ಗ್’ ಅನ್ನೋ ದೊಡ್ಡ ಗುಂಪುಹೆಸರು ಸೃಷ್ಟಿಸಿತು. ಸುತ್ತಲಿನ ಹಲವು ಊರುಗಳ ದ್ರಾಕ್ಷಿ, ಬಯಲಿನದ್ದೂ ಸೇರಿ, ಈ ಹೆಸರಿನಡಿ ಬಂತು. ಅಂಗಡಿಯಲ್ಲಿ ನಿಂತ ಗಿರಾಕಿಗೆ ಎರಡೂ ಪೀಸ್‌ಪೋರ್ಟೇ. ಬೆಲೆ ಕಡಿಮೆ ಇರೋದನ್ನೇ ಎತ್ತಿಕೊಂಡ.

ಬಯಲಿನಲ್ಲಿ ಬೇಗ ಮಾಗಿ ಜಾಸ್ತಿ ಇಳುವರಿ ಕೊಡುವ ಮುಲ್ಲರ್-ತುರ್ಗಾವ್ ತಳಿ ಹಬ್ಬಿತು. ಇದು 1882ರಲ್ಲಿ ಗೈಸೆನ್‌ಹೈಮ್‌ನಲ್ಲಿ ಹರ್ಮನ್ ಮುಲ್ಲರ್ ಬೆಳೆಸಿದ ಮಿಶ್ರತಳಿ. 1970ರ ದಶಕದಲ್ಲಿ ಇದು ರೀಸ್ಲಿಂಗನ್ನೂ ಹಿಂದಿಕ್ಕಿತು. ಅಗ್ಗದ ಸಿಹಿ ವೈನು ಹೊರದೇಶಕ್ಕೆ ಹರಿಯಿತು, ಜರ್ಮನ್ ವೈನ್ ಅಂದ್ರೆ ಸಿಹಿನೀರು ಅನ್ನೋ ಮಾತು ಹುಟ್ಟಿತು. ಪೆಟ್ಟು ಬಿದ್ದಿದ್ದು ಟ್ರ್ಯಾಕ್ಟರ್ ಹತ್ತದ ಇಳಿಜಾರಿನಲ್ಲಿ ಕೈಯಿಂದ ಕೆಲಸ ಮಾಡಿಸುತ್ತಿದ್ದ ಬೆಳೆಗಾರರಿಗೆ. ಖರ್ಚು ಬಯಲಿನವರಿಗಿಂತ ಹಲವು ಪಟ್ಟು, ಹೆಸರು ಮಾತ್ರ ಇಬ್ಬರಿಗೂ ಒಂದೇ.

2021ರಲ್ಲಿ ಕಾನೂನು ತಿದ್ದಿದರು. ಈಗಿನ ತತ್ವ ಸರಳ: ಬಾಟಲಿ ಮೇಲಿನ ಜಾಗ ಚಿಕ್ಕದಾದಷ್ಟೂ ನಿಯಮ ಬಿಗಿ. ಸೀಮೆಗಿಂತ ಊರು, ಊರಿಗಿಂತ ತೋಟ. ಅರ್ಧ ಶತಮಾನ ಆದಮೇಲೆ ಸಕ್ಕರೆಯಿಂದ ನೆಲದ ಕಡೆ ವಾಪಸ್.

ನಂದಿ ಬೆಟ್ಟದ ಬುಡದಲ್ಲಿ

ನಮ್ಮಲ್ಲೂ ವೈನ್ ನೀತಿ ಇದೆ. ಕರ್ನಾಟಕ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು, ಅದಕ್ಕೊಂದು ಮಂಡಳಿ ಮಾಡಿತು. ನಂದಿ ಕಣಿವೆ, ಕೃಷ್ಣಾ ಕಣಿವೆ ಅಂತ ಹೆಸರುಗಳೂ ಬಂದವು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಆದರೆ ಇಂಥ ಕಣಿವೆಯ ಹೆಸರು ಹಾಕಬೇಕಾದರೆ ಇಂಥ ತಳಿಯನ್ನೇ ಬೆಳೆದಿರಬೇಕು, ಇಷ್ಟೇ ಇಳುವರಿ ತೆಗೆದಿರಬೇಕು ಅನ್ನೋ ವ್ಯವಸ್ಥೆ ಇನ್ನೂ ಬಂದಿಲ್ಲ. ಹೆಸರಿದೆ, ಹೆಸರಿಗೆ ಬೇಲಿ ಇಲ್ಲ.

ಈಗ ನಮ್ಮ ಮಂಡಿಗೆ ಬನ್ನಿ

ನಮ್ಮ ಸೋದರಮಾವನದ್ದು ತೀರ್ಥಹಳ್ಳಿ ಕಡೆ ಗುಡ್ಡದ ಸಂದಿನಲ್ಲಿ ಸಣ್ಣ ತೋಟ. ಚಿಕ್ಕಪ್ಪನದ್ದು ಭದ್ರಾವತಿ ಪಕ್ಕ, ಭದ್ರಾ ಚಾನೆಲ್ ನೀರಿನ ಜಮೀನು, ಗದ್ದೆ ಹೋಗಿ ತೋಟ ಆಗಿದೆ. ಇಬ್ಬರ ಅಡಿಕೆಯೂ ಶಿವಮೊಗ್ಗದ ಮಾರುಕಟ್ಟೆಗೇ ಬರುತ್ತೆ. ಅಲ್ಲಿ ದರ್ಜೆ ನಾಲ್ಕು: ಸರಕು, ಬೆಟ್ಟೆ, ರಾಶಿ, ಗೊರಬಲು. ಕಾಯಿ ಎಷ್ಟು ಎಳೆಯದು, ಹೇಗೆ ಬೇಯಿಸಿದ್ದು, ಚೊಗರಿನ ಬಣ್ಣ ಹೇಗೆ ಹತ್ತಿದೆ ಅನ್ನೋದರ ಮೇಲೆ ರೇಟು. ಯಾವ ನೆಲದ್ದು ಅನ್ನೋದಕ್ಕೆ ದರ್ಜೆಯಲ್ಲಿ ಜಾಗ ಇಲ್ಲ.

‘ನಂದೂ ರಾಶಿ, ಅವನದ್ದೂ ರಾಶಿ. ಮಳೆಗಾಲದಲ್ಲಿ ಔಷಧಿ ಹೊಡೆಸೋ ಖರ್ಚು ಮಾತ್ರ ನಂದೇ ಮಾರಾಯ,’ ಅಂತಾನೆ ಮಾವ. ಎಲೆಚುಕ್ಕಿ ರೋಗ ಬಂದ ಮೇಲಂತೂ ಈ ಮಾತು ಜಾಸ್ತಿ ಆಗಿದೆ. ಚಿಕ್ಕಪ್ಪನ ವಾದವೂ ತಪ್ಪಲ್ಲ: ‘ನನ್ನ ಅಡಿಕೆ ಯಾವುದರಲ್ಲಿ ಕಡಿಮೆ? ಒಡೆದು ನೋಡು.’ 1971ರ ಜರ್ಮನಿಯ ಜಗಳ ನಮ್ಮ ಮನೆಯ ಜಗಲಿಯಲ್ಲೇ ನಡೀತಾ ಇದೆ.

ಗಡಿ ಎಳೆದರೆ ಸಾಕಾ? ಪಕ್ಕದ ಉತ್ತರ ಕನ್ನಡದಲ್ಲಿ ‘ಸಿರಸಿ ಸುಪಾರಿ’ಗೆ 2019ರಲ್ಲಿ ಜಿಐ ಸಿಕ್ಕಿತು. ಸಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳು ಒಳಗೆ. ಸಿದ್ದಾಪುರ ದಾಟಿದರೆ ನಮ್ಮ ಸಾಗರ, ಅದು ಹೊರಗೆ. ಮಳೆ, ಮಣ್ಣು ಜಿಲ್ಲೆಯ ಗಡಿ ನೋಡಿ ಬದಲಾಗಲ್ಲ. ಗೆರೆ ಎಲ್ಲಿ ಬೀಳುತ್ತೆ ಅನ್ನೋದು ಯಾರು ಸಂಘಟಿತರಾಗಿ ಅರ್ಜಿ ಹಾಕಿದರು ಅನ್ನೋದರ ಮೇಲೂ ನಿಂತಿದೆ. ಅದಕ್ಕೇ ಇದು ರುಚಿಯ ವಿಷಯಕ್ಕಿಂತ ರಾಜಕೀಯದ ವಿಷಯ.

ಇನ್ನೊಂದು ಮಾತು. ಮೋಜೆಲ್ ಇಳಿಜಾರಿನಲ್ಲಿ ದ್ರಾಕ್ಷಿ ಕೊಯ್ಯೋರಲ್ಲಿ ಪೋಲೆಂಡ್, ರುಮೇನಿಯಾದಿಂದ ಬರುವ ಹಂಗಾಮಿ ಕೂಲಿಗಳು ಬಹಳ. ನಮ್ಮಲ್ಲಿ ಮರ ಹತ್ತಿ ಕೊನೆ ಇಳಿಸುವವರು, ರಾತ್ರಿ ಅಡಿಕೆ ಸುಲಿಯುವ ಹೆಂಗಸರು ಬಹುಪಾಲು ತೋಟದ ಒಡೆಯರಲ್ಲ. ಊರಿನ ಹೆಸರಿಗೆ ಬೆಲೆ ಬಂದರೆ ಅದು ತೋಟದ ಬೇಲಿ ದಾಟಿ ಅವರ ಕೂಲಿಗೂ ತಲುಪುತ್ತಾ? ಯಾವ ಲೇಬಲ್ಲೂ ಇದನ್ನು ಹೇಳಲ್ಲ.

ವೈನೂ ಅಡಿಕೆಯೂ ಕ್ಯಾನ್ಸರ್ ತರುವ ವಸ್ತುಗಳ ಜಾಗತಿಕ ಪಟ್ಟಿಯಲ್ಲಿ ಒಂದೇ ಗುಂಪಿನಲ್ಲಿವೆ ಅನ್ನೋದನ್ನೂ ಮರೆಯೋದು ಬೇಡ. ಹಾಗಾಗಿ ‘ಇನ್ನೂ ಜಾಸ್ತಿ ಬೆಳೀರಿ’ ಅನ್ನೋ ನೀತಿಗೆ ಭವಿಷ್ಯ ಇಲ್ಲ. ಇರೋ ಬೆಳೆಗೆ ಸರಿಯಾದ ಹೆಸರು, ಸರಿಯಾದ ಬೆಲೆ ಕೇಳುವ ಹೊತ್ತಿದು.

ಮುಂದಿನ ಸಲ ಅಡಿಕೆಗೆ ಬೆಂಬಲ ಅಂತ ನಮ್ಮ ಜಿಲ್ಲೆಯ ಯಾವುದೇ ಪಕ್ಷದವರು ವೇದಿಕೆ ಹತ್ತಿದಾಗ ಮೂರು ಪ್ರಶ್ನೆ ಕೇಳಿ. ದರ್ಜೆಯಲ್ಲಿ ನೆಲಕ್ಕೆ ಜಾಗ ಇದೆಯಾ? ಗೆರೆ ಎಳೆಯುವಾಗ ಸಣ್ಣ ಹಿಡುವಳಿಯವರು ಕೂತಿರ್ತಾರಾ? ಸುಲಿಯೋ ಹೆಂಗಸಿಗೆ ಏನು ಸಿಗುತ್ತೆ? ಉತ್ತರ ಇಲ್ಲದಿದ್ದರೆ ಅದೂ ಒಂದು ‘ವೈನ್ಸ್’ ಬೋರ್ಡೇ.