ಪ್ಯಾಕೆಟ್‌ನೊಳಗಿನ ಜೀವ ಬೇರಿನ ತನಕ ಉಳಿಯಬೇಕು: ಸೂಕ್ಷ್ಮಜೀವಿಗಳಿಗೆ ಜೆಲ್ ಮನೆ

ಗುಬ್ಬಿ, ಕುಣಿಗಲ್ ಕಡೆಯ ತೆಂಗಿನ ತೋಟಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಇದು: "ಟ್ರೈಕೋಡರ್ಮಾ ಹಾಕಿದ್ವಿ, ಆದ್ರೂ ಅಣಬೆ ರೋಗ ನಿಲ್ಲಲಿಲ್ಲ."

ನಾನೂ ಒಮ್ಮೆ ಹೀಗೇ ಗೊಣಗಿದವನೇ. ಫೆಬ್ರವರಿಯಲ್ಲಿ ತಂದ ಪ್ಯಾಕೆಟ್‌ಗಳನ್ನು ಪಂಪ್‌ಹೌಸ್‌ನ ಶೀಟಿನ ಕೆಳಗೆ ಇಟ್ಟು, ಮಳೆ ಬಿದ್ದ ಮೇಲೆ ಜೂನ್‌ನಲ್ಲಿ ಮರಗಳ ಬುಡಕ್ಕೆ ಹಾಕಿದೆ. ಮುಂದಿನ ವರ್ಷ ಎರಡು ಫಸಲಿನ ಮರ ಹೋದವು. ರೋಗ ಆಗಲೇ ಬೇರಿಗೆ ಇಳಿದಿತ್ತೋ ಏನೋ, ಪೂರ್ತಿ ತಪ್ಪು ಪುಡಿಯದ್ದೇ ಅನ್ನೋಕಾಗಲ್ಲ. ಆದ್ರೆ ಉಳಿದಿದ್ದ ಪ್ಯಾಕೆಟ್ ಪರೀಕ್ಷೆ ಮಾಡಿದಾಗ ಅದರಲ್ಲಿ ಜೀವವೇ ಇರಲಿಲ್ಲ. ನಾನು ಹಾಕಿದ್ದು ಬರೀ ಸುಣ್ಣದಂಥ ಬಿಳಿ ಪುಡಿ.

ಯಾಕೆ ಸಾಯುತ್ತವೆ?

ಜೈವಿಕ ಗೊಬ್ಬರ ಅಂದ್ರೆ ಯೂರಿಯಾ ಅಲ್ಲ, ಅದು ಜೀವಂತ ಸರಕು. ಅಜೋಸ್ಪಿರಿಲಂ, ರೈಜೋಬಿಯಂ, ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾಗಳು ಬಿಸಿಲು, ಒಣಗುವಿಕೆ ತಡೆಯಲ್ಲ. ಬ್ಯಾಸಿಲಸ್ ಗಟ್ಟಿ ಬೀಜಕಣ ಮಾಡಿಕೊಳ್ಳುತ್ತೆ, ಹಾಗಾಗಿ ಹೆಚ್ಚು ದಿನ ತಾಳುತ್ತೆ. ಟ್ರೈಕೋಡರ್ಮಾ ಶಿಲೀಂಧ್ರ ಇವೆರಡರ ನಡುವೆ. ಟಾಲ್ಕ್ ಪುಡಿಗೆ ಬೆರೆಸಿದ ಜೀವಾಣುಗಳ ಸಂಖ್ಯೆ ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ, ಮಣ್ಣಿಗೆ ಬಿದ್ದ ಮೇಲೆ ಅಲ್ಲಿರುವ ಬೇರೆ ಜೀವಿಗಳು ಕೆಲವನ್ನು ತಿಂದುಹಾಕುತ್ತವೆ.

ಜೆಲ್ ಮನೆ ಅಂದ್ರೇನು?

ಕಾಮಕಸ್ತೂರಿ ಬೀಜ ನೀರಿಗೆ ಹಾಕಿದ್ರೆ ಸುತ್ತ ಲೋಳೆ ಕಟ್ಟಿಕೊಳ್ಳುತ್ತಲ್ಲ, ಹೈಡ್ರೋಜೆಲ್ ಅಂದ್ರೆ ಅದೇ: ನೀರು ಹಿಡಿದಿಡುವ ಲೋಳೆ. ಕಂದು ಬಣ್ಣದ ಸಮುದ್ರಪಾಚಿಯಿಂದ ಸಿಗುವ ಸೋಡಿಯಂ ಆಲ್ಜಿನೇಟ್‌ಗೆ ಜೀವಾಣುಗಳನ್ನು ಬೆರೆಸಿ, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿ ಹನಿಯಾಗಿ ಬಿಟ್ರೆ ಪ್ರತಿ ಹನಿಯೂ ಬೆಂದ ಸಬ್ಬಕ್ಕಿಯಂತೆ ಗುಂಡಗೆ ಗಟ್ಟಿಯಾಗುತ್ತೆ. ಜೀವಾಣು ಒಳಗೆ ಸುರಕ್ಷಿತ. ಮಣ್ಣಿನಲ್ಲಿ ಗುಂಡು ನಿಧಾನವಾಗಿ ಕರಗುತ್ತಾ, ಜೀವಾಣುಗಳನ್ನು ಸ್ವಲ್ಪ ಸ್ವಲ್ಪವೇ ಬೇರಿನ ಬಳಿ ಬಿಡುತ್ತೆ. ಯೋಆವ್ ಬಶಾನ್ ಎಂಬ ವಿಜ್ಞಾನಿ ಅಜೋಸ್ಪಿರಿಲಂ ಅನ್ನು ಹೀಗೆ ಆಲ್ಜಿನೇಟ್ ಗುಂಡಿನಲ್ಲಿಟ್ಟು 1986ರಲ್ಲೇ ವರದಿ ಮಾಡಿದ್ದರು.

ಬರೀ ಆಲ್ಜಿನೇಟ್ ಗುಂಡಿಗೆ ರಂಧ್ರ ಜಾಸ್ತಿ, ಒಣಗಿದ್ರೆ ಕುಗ್ಗುತ್ತೆ. ಅದಕ್ಕೇ ಬೆಂಟೊನೈಟ್‌ನಂಥ ಜೇಡಿಯನ್ನು ಅತಿ ಸಣ್ಣ ಪದರಗಳಾಗಿ ಬಿಡಿಸಿ ಸೇರಿಸುತ್ತಾರೆ. ಒಂದೊಂದು ಪದರ ಸುಮಾರು 1 ನ್ಯಾನೋಮೀಟರ್ ದಪ್ಪ, ಅಂದ್ರೆ ಮಿಲಿಮೀಟರಿನ 10 ಲಕ್ಷದಲ್ಲಿ ಒಂದು ಪಾಲು. ಇದೇ ನ್ಯಾನೋಕಾಂಪೊಸಿಟ್. ಮಣ್ಣಿನ ಗೋಡೆಗೆ ಹುಲ್ಲು ಕಲಸಿದ್ರೆ ಬಿರುಕು ಬಿಡಲ್ಲ ಅಲ್ವಾ, ಇಲ್ಲೂ ಹಾಗೇ. ಜೇಡಿಯ ಪದರ ಗುಂಡನ್ನು ಗಟ್ಟಿ ಮಾಡುತ್ತೆ, ಒಳಗಿನ ತೇವ ಬೇಗ ಆರದಂತೆ ನೋಡಿಕೊಳ್ಳುತ್ತೆ.

ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಹೈಡ್ರೋಜೆಲ್ ಬೇರೆ, ಇದು ಬೇರೆ. ಅದು ಮಣ್ಣಿನಲ್ಲಿ ನೀರು ಹಿಡಿದಿಡಲು ಮಾಡಿದ್ದು, ಜೀವಾಣು ಸಾಕಲು ಅಲ್ಲ. ಹಾಗೇ ಕೋಯಿಕ್ಕೋಡ್‌ನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಜೀವಾಣು ತುಂಬಿದ ಕ್ಯಾಪ್ಸೂಲ್ ತಂತ್ರ ಕೊಟ್ಟಿದೆ. ಕೊಡಗಿನ ಕಂಪನಿಯೊಂದೂ ಅದರ ಪರವಾನಗಿ ಪಡೆದಿದೆ. ಅದು ಜೆಲ್ ಗುಂಡಲ್ಲ, ಆದ್ರೆ ಗುರಿ ಒಂದೇ: ಕಡಿಮೆ ತೂಕದಲ್ಲಿ ಹೆಚ್ಚು ಜೀವ.

ಈಗಲೇ ಕೊಳ್ಳಬೇಕಾ?

ಅವಸರ ಬೇಡ. ಆಲ್ಜಿನೇಟ್ ದುಬಾರಿ. ಎಕರೆಗಟ್ಟಲೆ ರಾಗಿಗೆ ಲೆಕ್ಕ ಕೂಡಿಬರೋದು ಕಷ್ಟ. ನರ್ಸರಿ, ಸಸಿ ಚೀಲ, ಹೊಸ ಗಿಡದ ಗುಂಡಿಗೆ ಇದು ಹೊಂದುತ್ತೆ. ತುಮಕೂರಿನ ಅಂಗಡಿಯಲ್ಲಿ "ನ್ಯಾನೋ" ಅಂತ ದೊಡ್ಡಕ್ಷರ ಕಂಡ್ರೆ, ಹಿಂಭಾಗದ ಸಣ್ಣಕ್ಷರ ಓದಿ:

- ಸಿಎಫ್‌ಯು, ಅಂದ್ರೆ ಜೀವಂತ ಕಣಗಳ ಲೆಕ್ಕ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಬ್ಯಾಕ್ಟೀರಿಯಾದ ಜೈವಿಕ ಗೊಬ್ಬರದ ಪುಡಿಯಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವದಲ್ಲಿ ಮಿಲಿಗೆ 10 ಕೋಟಿ ಇರಬೇಕು. ಟ್ರೈಕೋಡರ್ಮಾ ಕೀಟನಾಶಕ ಕಾಯ್ದೆಯಡಿ ಬರುತ್ತೆ, ಗ್ರಾಂಗೆ ಕನಿಷ್ಠ 20 ಲಕ್ಷ.
- ತಯಾರಾದ ದಿನ, ಅವಧಿ ಮುಗಿಯುವ ದಿನ. ಎರಡನ್ನೂ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಬಿಲ್ ಕೇಳಿ ಪಡೆಯಿರಿ.
- ಯಾವ ಜೀವಾಣು ಅನ್ನೋ ಹೆಸರು. ಹೆಸರೇ ಇಲ್ಲದ್ದನ್ನು ಮುಟ್ಟಬೇಡಿ.

ಮನೆಯಲ್ಲೇ ಒಂದು ಪರೀಕ್ಷೆ

ಬಿಸಿನೀರಿನಲ್ಲಿ ತೊಳೆದ ಎರಡು ಗಾಜಿನ ಬಾಟಲಿಗೆ ಬಿಸಿ ಅನ್ನ ಹಾಕಿ ಮುಚ್ಚಿ ಆರಿಸಿ. ಒಂದಕ್ಕೆ ಮಾತ್ರ ಚಿಟಿಕೆ ಟ್ರೈಕೋಡರ್ಮಾ ಪುಡಿ ಹಾಕಿ. ಬಾಯಿಗೆ ಕಾಗದ ಕಟ್ಟಿ ನೆರಳಲ್ಲಿಡಿ. ವಾರದೊಳಗೆ ಪುಡಿ ಹಾಕಿದ್ದರಲ್ಲಿ ಮಾತ್ರ ಬಿಳಿ ಬೂಷ್ಟು ಬಂದು ಹಸಿರಾದ್ರೆ ಜೀವ ಇದೆ ಅಂತ ಅಂದಾಜಿಸಬಹುದು. ಎರಡರಲ್ಲೂ ಒಂದೇ ಥರ ಬಂದ್ರೆ ಪರೀಕ್ಷೆ ಕೆಟ್ಟಿತು ಅಂತ ಲೆಕ್ಕ, ಮತ್ತೆ ಮಾಡಿ. ಸಂಖ್ಯೆ ಎಷ್ಟು ಅನ್ನೋದು ಇದರಲ್ಲಿ ತಿಳಿಯಲ್ಲ. ಮುಗಿದ ಮೇಲೆ ಮೂಸಿ ನೋಡದೆ ಹೂತುಹಾಕಿ.

ನಮ್ಮ ತಿಪ್ಪೆಯೂ ಒಂದು ಮನೆಯೇ

ಜೆಲ್ ಮಾಡುವ ಕೆಲಸವನ್ನು ಕಳಿತ ಕೊಟ್ಟಿಗೆ ಗೊಬ್ಬರ ಒಂದು ಮಟ್ಟಿಗೆ ಮಾಡುತ್ತೆ: ತೇವ, ನೆರಳು, ಆಹಾರ. 100 ಕೆ.ಜಿ. ಗೊಬ್ಬರ, 10 ಕೆ.ಜಿ. ಬೇವಿನ ಹಿಂಡಿಗೆ 1 ಕೆ.ಜಿ. ಟ್ರೈಕೋಡರ್ಮಾ ಬೆರೆಸಿ, ಮರದ ನೆರಳಲ್ಲಿ ಗೋಣಿಚೀಲ ಮುಚ್ಚಿ. ಹಿಡಿದ್ರೆ ಉಂಡೆ ಕಟ್ಟುವಷ್ಟು ತೇವ ಇರಲಿ, ನೀರು ಸೋರಬಾರದು. ವಾರಕ್ಕೊಮ್ಮೆ ತಿರುವಿ. 15 ದಿನಕ್ಕೆ ಸಿದ್ಧ. ತೆಂಗಿನ ಪಾತಿಗೆ ಸಂಜೆ ಹೊತ್ತು, ಮಣ್ಣು ಹಸಿಯಿದ್ದಾಗ ಹಾಕಿ. ಅದೇ ಪಾತಿಗೆ ಅದೇ ವಾರ ಶಿಲೀಂಧ್ರನಾಶಕ ಸುರಿಯಬೇಡಿ, ರೋಗದ ಜೊತೆ ಇದೂ ಸಾಯುತ್ತೆ. ಕಾಂಡದ ಬುಡದಲ್ಲಿ ಕಂದು ರಸ ಸೋರುತ್ತಿದ್ರೆ ತಡ ಮಾಡದೆ ತುಮಕೂರಿನ ಪಕ್ಕದ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಜೆಲ್ ಗುಂಡು ನಾಳೆ ಅಂಗಡಿಗೆ ಬರಬಹುದು. ಬಂದಾಗಲೂ ಕೇಳಬೇಕಾದ್ದು ಒಂದೇ ಪ್ರಶ್ನೆ: ಇದರಲ್ಲಿ ಇವತ್ತು ಜೀವ ಎಷ್ಟಿದೆ? ಈ ವಾರ ನಿಮ್ಮ ಪಂಪ್‌ಹೌಸ್‌ನಲ್ಲಿರೋ ಪ್ಯಾಕೆಟ್ ತೆಗೆದು ದಿನಾಂಕ ನೋಡಿ, ಅನ್ನದ ಪರೀಕ್ಷೆ ಮಾಡಿ. ಮಳೆ ಬೀಳೋ ಮುಂಚೆ ಗೊತ್ತಾದ್ರೆ ಒಳ್ಳೇದು.