ಕಾಯಿ ಬೀಳಬೇಕು, ಹೂವು ಬೀಳಬಾರದು

ನಾವು ಕ್ಯಾಂಟೀನಲ್ಲಿ ಕುಡಿಯೋ ಟೀ ಗಿಡಕ್ಕೆ ದಕ್ಷಿಣ ಚೀನಾದಲ್ಲಿ ಒಬ್ಬ ದಾಯಾದಿ ಇದ್ದಾನೆ, ಹೆಸರು ಕ್ಯಾಮೆಲಿಯಾ ಒಲಿಫೆರಾ. ಟೀಯಲ್ಲಿ ಎಲೆ ಬೇಕು, ಇದರಲ್ಲಿ ಬೀಜ. ಹುನಾನ್, ಜಿಯಾಂಗ್ಸಿ ಪ್ರಾಂತ್ಯಗಳ ಗುಡ್ಡಗಳ ಕೆಂಪು ಮಣ್ಣಲ್ಲಿ ಬೆಳೆಯುತ್ತೆ, ಅಲ್ಲಿನ ಜನ ಇದರ ಎಣ್ಣೆಯಲ್ಲಿ ಅಡುಗೆ ಮಾಡ್ತಾರೆ. ಎಣ್ಣೆಯಲ್ಲಿ ನೂರಕ್ಕೆ 80ರ ಹತ್ತಿರ ಒಲಿಯಿಕ್ ಆಮ್ಲ, ಆಲಿವ್ ಎಣ್ಣೆಯ ಹಾಗೇ.

ಬೀಜ ಹಾಕಿ ಬೆಳೆಸಿದ್ರೆ ಕಾಯಿಗೆ ವರ್ಷಗಟ್ಟಲೆ ಕಾಯಬೇಕು, ಅದಕ್ಕೇ ಕಸಿ ಗಿಡ ನೆಡ್ತಾರೆ. ನಮ್ಮ ತಲೆ ಕೆಡಿಸಿದ್ದು ಮಾತ್ರ ಕೊಯ್ಲು.

ಹೂವು ಕಾಯಾಗಿ ಮಾಗೋಕೆ ಹೆಚ್ಚುಕಮ್ಮಿ ಒಂದು ವರ್ಷ ಬೇಕು. ಹಾಗಾಗಿ ಅಕ್ಟೋಬರ್ ಕೊನೆಗೆ ಈ ವರ್ಷದ ಕಾಯಿ ಬಲಿತಾಗ, ಅದೇ ಕೊಂಬೆಯಲ್ಲಿ ಮುಂದಿನ ವರ್ಷದ ಮೊಗ್ಗು, ಹೂವು ಇರುತ್ತೆ. ಮರ ಅಲ್ಲಾಡಿಸೋ ಮೆಷಿನ್ ಹಾಕಿದ್ರೆ ಹೂವೂ ಉದುರುತ್ತೆ, ಅಲ್ಲಿಗೆ ಮುಂದಿನ ವರ್ಷದ ಎಣ್ಣೆ ಹೋಯ್ತು. ಬೇಗ ಕೀಳೋಣ ಅಂದ್ರೆ ಬೀಜದಲ್ಲಿ ಎಣ್ಣೆ ಇನ್ನೂ ತುಂಬಿರಲ್ಲ. ಜಾಗ ಬೇರೆ ಇಳಿಜಾರು. ಅದಕ್ಕೇ ಇವತ್ತಿಗೂ ಹೆಚ್ಚಾಗಿ ಕೈಯಲ್ಲೇ ಕೊಯ್ತಾರೆ. ಕಾಯಿ ಭಾರ, ಹೂವು ಹಗುರ. ಯಾವ ಫ್ರೀಕ್ವೆನ್ಸಿಯಲ್ಲಿ ಅಲ್ಲಾಡಿಸಿದ್ರೆ ಕಾಯಿ ಮಾತ್ರ ಕಳಚುತ್ತೆ? ಮೆಕ್ಯಾನಿಕಲ್‌ನವರು ಪ್ರಾಜೆಕ್ಟ್ ಟಾಪಿಕ್ ಸಿಗ್ತಿಲ್ಲ ಅಂತ ಅಳೋದು ಬಿಡಬಹುದು!

ಕಾಯಿ ಒಣಗಿದ್ರೆ ಬಿರಿಯುತ್ತೆ. ಬೀಜ ತೆಗೆದು, ಒಣಗಿಸಿ, ಪುಡಿ ಮಾಡಿ, ಹಬೆಯಲ್ಲಿ ಬೇಯಿಸಿ ಹಿಂಡ್ತಾರೆ. ಅವರ ಹಳೇ ಗಾಣ ನಮ್ಮ ಎತ್ತಿನ ಗಾಣದ ಹಾಗೆ ತಿರುಗಲ್ಲ. ಟೊಳ್ಳು ಮಾಡಿದ ದಿಮ್ಮಿಯೊಳಗೆ ಬೆಂದ ಪುಡಿಯ ಬಿಲ್ಲೆಗಳನ್ನು ಜೋಡಿಸಿ, ತೂಗುಹಾಕಿದ ತೊಲೆಯಿಂದ ಬೆಣೆ ಗುದ್ದೋದು.

ಉಳಿದ ಹಿಂಡಿಯಲ್ಲಿ ಸಪೋನಿನ್ ಇರುತ್ತೆ, ನಮ್ಮ ಅಂಟುವಾಳದ ನೊರೆಗೂ ಕಾರಣ ಇದೇ ಜಾತಿಯ ವಸ್ತು. ಹಿಂದೆ ಅದರಲ್ಲೇ ತಲೆ ತೊಳೀತಿದ್ರು. ಸೀಗಡಿ ಹೊಂಡದಲ್ಲಿ ಬೇಡದ ಮೀನು ಸಾಯಿಸೋಕೂ ಇದನ್ನೇ ಅಳತೆ ನೋಡಿ ಹಾಕ್ತಾರೆ. ಸಪೋನಿನ್ ಮೀನಿನ ಕೆಂಪು ರಕ್ತಕಣ ಒಡೆಯುತ್ತೆ. ಸೀಗಡಿಗೆ ಆ ಕಣಗಳೇ ಇಲ್ಲ, ಬಚಾವ್.