ಚಿತ್ರ ಅದೇ, ಹೆಸರು ಮಾತ್ರ ಹೋಯ್ತು, ಬಂತು!

ಆಫೀಸ್ ಕೆಲಸದ ಮೇಲೆ ನೆದರ್‌ಲ್ಯಾಂಡ್ಸ್‌ಗೆ ಹೋಗಿದ್ದಾಗ ಒಂದು ಭಾನುವಾರ ಹೇಗ್ ನಗರದ ಮೌರಿತ್ಸ್‌ಹೌಸ್ ಮ್ಯೂಸಿಯಂ ನೋಡಿ ಬಂದೆ. ಅಲ್ಲಿ ‘ಸೌಲ ಮತ್ತು ದಾವೀದ’ ಅನ್ನೋ ದೊಡ್ಡ ಚಿತ್ರವಿದೆ. ಹುಡುಗ ದಾವೀದ ಹಾರ್ಪ್ ನುಡಿಸ್ತಿದ್ದಾನೆ, ರಾಜ ಸೌಲ ಪರದೆಯಲ್ಲಿ ಕಣ್ಣೀರು ಒರೆಸಿಕೊಳ್ತಿದ್ದಾನೆ.

ಫೋಟೊ ಕಳಿಸಿ ಅಮ್ಮನಿಗೆ ಹೇಳಿದೆ: “ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಇದು ರೆಂಬ್ರಾಂಟ್ ಬರೆದಿದ್ದಲ್ಲ ಅಂತಿದ್ರಂತೆ. ಈಗ ಅವನದೇ ಅಂತಾರೆ.”

“ಚಿತ್ರ ಅದೇ ತಾನೇನೋ? ಮತ್ತೆ ಬದಲಾಗಿದ್ದೇನು?” ಅಂದ್ರು ಅಮ್ಮ.

ಒಳ್ಳೇ ಪ್ರಶ್ನೆ. ಈ ಮ್ಯೂಸಿಯಂನ ನಿರ್ದೇಶಕರಾಗಿದ್ದ ಅಬ್ರಹಾಂ ಬ್ರೇಡಿಯಸ್ 1898ರಲ್ಲಿ ಈ ಚಿತ್ರವನ್ನು ಸ್ವಂತಕ್ಕೆ ಕೊಂಡರು. 1946ರಲ್ಲಿ ಅವರು ತೀರಿಕೊಂಡಾಗ ಉಯಿಲಿನಂತೆ ಅದು ಮ್ಯೂಸಿಯಂಗೆ ಸೇರಿತು. 1969ರಲ್ಲಿ ಬ್ರೇಡಿಯಸ್ ಅವರದೇ ರೆಂಬ್ರಾಂಟ್ ಗ್ರಂಥವನ್ನು ಪರಿಷ್ಕರಿಸಿದ ಹೋರ್ಸ್ಟ್ ಗೆರ್ಸನ್, ಇದು ರೆಂಬ್ರಾಂಟ್ ಕೈಯದಲ್ಲ ಅಂದುಬಿಟ್ಟರು!

ಅನುಮಾನ ಬಂದಿದ್ದರಲ್ಲಿ ಆಶ್ಚರ್ಯವೇನಿಲ್ಲ. 19ನೇ ಶತಮಾನದಲ್ಲಿ ಯಾರೋ ಸೌಲನನ್ನೂ ದಾವೀದನನ್ನೂ ಕತ್ತರಿಸಿ ಬೇರೆ ಮಾಡಿ, ಆಮೇಲೆ ಮತ್ತೆ ಜೋಡಿಸಿದ್ದರು. ಒಟ್ಟು 15 ತುಂಡು ಬಟ್ಟೆ! ಒಂದು ಮೂಲೆಗೆ ವ್ಯಾನ್ ಡೈಕ್ ಚಿತ್ರವೊಂದರ ಹಳೇ ನಕಲಿನ ತುಂಡನ್ನೇ ತೇಪೆ ಹಾಕಿದ್ದರು. ಅದೆಲ್ಲ ಕಾಣದಂತೆ ಮೇಲೆ ಬೇರೆ ಬಣ್ಣ. ಎಂಟು ವರ್ಷ ಪರೀಕ್ಷೆ, ಶುಚಿ ಕೆಲಸ ಮಾಡಿ, 2015ರಲ್ಲಿ ಮ್ಯೂಸಿಯಂ ಇದು ರೆಂಬ್ರಾಂಟ್‌ದೇ ಎಂದು ಹೇಳಿತು. ಆ ಪತ್ತೇದಾರಿಯನ್ನೇ ಪ್ರದರ್ಶನವಾಗಿಯೂ ಇಟ್ಟಿತು.

ಇಂಥ ಅಧ್ಯಯನದಲ್ಲಿ ನಮ್ಮ ಇಂಜಿನಿಯರಿಂಗ್‌ಗೂ ಪಾಲಿದೆ. ಎಕ್ಸ್‌ರೇಯಲ್ಲಿ ಬಟ್ಟೆಯ ಎಳೆಗಳು ಕಾಣುತ್ತವೆ. ಪರೀಕ್ಷೆ ಮುಗಿದ ಮೇಲೆ ನಾವೆಲ್ಲ ಮರೆತುಬಿಟ್ಟ ಫೋರಿಯರ್ ಟ್ರಾನ್ಸ್‌ಫಾರ್ಮ್ ಬಳಸಿ ಕಂಪ್ಯೂಟರ್ ಆ ಎಳೆಗಳನ್ನು ಲೆಕ್ಕ ಹಾಕುತ್ತೆ. ಎರಡು ಚಿತ್ರಗಳ ಬಟ್ಟೆ ಒಂದೇ ಥಾನಿನದಾ ಅಂತ ಊಹಿಸೋಕೆ ಇದು ನೆರವು. ಆದರೆ ಬಟ್ಟೆ ಒಂದೇ ಆದ ಮಾತ್ರಕ್ಕೆ ಕೈ ಒಂದೇ ಅಲ್ಲ. ಗುರುವಿನ ಪಕ್ಕದಲ್ಲೇ ಶಿಷ್ಯರೂ ಕೂತು ಬರೀತಿದ್ರು. ಕೊನೆಗೆ ನೂರಾರು ಚಿತ್ರ ನೋಡಿ ಪಳಗಿದ ಕಣ್ಣೇ ಬೇಕು. ಅಂಥ ಕಣ್ಣು ಕ್ರ್ಯಾಶ್ ಕೋರ್ಸಿನಲ್ಲಿ ಬರಲ್ಲ.

ಎಲ್ಲ ಚಿತ್ರಕ್ಕೂ ಈ ಅದೃಷ್ಟವಿಲ್ಲ. ಬರ್ಲಿನ್‌ನ ‘ಚಿನ್ನದ ಶಿರಸ್ತ್ರಾಣದ ವ್ಯಕ್ತಿ’ 1980ರ ದಶಕದಲ್ಲಿ ರೆಂಬ್ರಾಂಟ್ ಹೆಸರು ಕಳಕೊಂಡಿತು, ಮರಳಿ ಬಂದಿಲ್ಲ. ಹೆಸರಿಲ್ಲದ ಚಿತ್ರಕ್ಕೆ ಎಂಟು ವರ್ಷದ ತಾಳ್ಮೆ, ದುಡ್ಡು ಕೊಡೋರು ಯಾರು? ನನಗೆ ಕಾಡೋದು ಅದೇ. ‘ಗೊತ್ತಿಲ್ಲ, ನೋಡ್ತಿದ್ದೀವಿ’ ಅಂತ ಮ್ಯೂಸಿಯಂ ಧೈರ್ಯವಾಗಿ ಹೇಳಬೇಕು, ನಾವೂ ಅದನ್ನು ಒಪ್ಪಬೇಕು.

ಅಮ್ಮನಿಗೆ ಇಷ್ಟೂ ಹೇಳಿದೆ. “ನಾನಂತೂ ಹೆಸರು ನೋಡಲಿಲ್ಲಪ್ಪ. ಆ ರಾಜ ಅಳೋದೇ ಕಣ್ಣಿಗೆ ಬಿತ್ತು” ಅಂದ್ರು.

ಮುಂದಿನ ಸಲ ಮ್ಯೂಸಿಯಂಗೆ ಹೋದಾಗ ನೀವೂ ಹಾಗೇ ಮಾಡಿ. ಮೊದಲು ಚಿತ್ರ, ಆಮೇಲೆ ಬೋರ್ಡು.